ಶಾಸನದ ಮೀನು, ಹೊಳೆಯ ಮೀನು

ನಮ್ಮ ಹಟ್ಟಿಯ ಚಿನ್ನದ ಗಣಿಯಿಂದ ಮಸ್ಕಿ ಬಹು ದೂರವಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಪ್ರಾಚೀನ ಅಕ್ಷರಗಳನ್ನು ಕಂಡರು. ಅದು ಅಶೋಕನ ಶಾಸನವೆಂದು ತಿಳಿಯಿತು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇತ್ತು. ಆ ಬಿರುದಿನ ದೊರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿದ ಮೊದಲ ಬಂಡೆ ನಮ್ಮ ಮಸ್ಕಿಯದು. ಈ ಸಂಗತಿಯನ್ನು ನಾನು ಮೂವತ್ತು ವರ್ಷಗಳ ಕಾಲ ತರಗತಿಗಳಲ್ಲಿ ಹೆಮ್ಮೆಯಿಂದ ಹೇಳುತ್ತ ಬಂದವನು. ಆದರೆ ಇಂದು ನಾನು ಮಾತನಾಡಹೊರಟಿರುವುದು ಬಂಡೆಯನ್ನು ಕುರಿತಲ್ಲ, ಮೀನನ್ನು ಕುರಿತು. ಕನ್ನಡ ಅಧ್ಯಾಪಕನಿಗೂ ಮೀನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧವನ್ನು ನಾನು ತಡವಾಗಿ ಕಂಡುಕೊಂಡೆ. ತಡವಾದುದಕ್ಕಾಗಿಯೇ ಈ ಮಾತು.

ಮೊದಲು ಅಶೋಕನಿಂದಲೇ ಪ್ರಾರಂಭಿಸೋಣ. ಮಸ್ಕಿಯ ಶಾಸನದಲ್ಲಿ ಮೀನಿನ ಪ್ರಸ್ತಾಪವಿಲ್ಲ. ಆದರೆ ಅದೇ ದೊರೆ ತನ್ನ ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಉತ್ತರ ದೇಶದ ಕಂಬಗಳ ಮೇಲೆ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿ ಇದೆ. ಗಿಳಿ, ಹಂಸ, ಬಾವಲಿ, ಆಮೆಗಳ ಸಾಲಿನಲ್ಲಿ ಕೆಲವು ಜಾತಿಯ ಮೀನುಗಳನ್ನೂ ಹೆಸರಿಸಿದೆ. ಅಷ್ಟೇ ಅಲ್ಲ, ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ, ಅಂದರೆ ಚಾತುರ್ಮಾಸದ ಹುಣ್ಣಿಮೆಗಳಲ್ಲಿ, ತಿಷ್ಯದ ಹುಣ್ಣಿಮೆಯಲ್ಲಿ, ಉಪವಾಸದ ದಿನಗಳಲ್ಲಿ, ಯಾವ ಮೀನನ್ನೂ ಕೊಲ್ಲಕೂಡದು, ಮಾರಲೂಕೂಡದು ಎಂಬ ಆಜ್ಞೆ ಇದೆ. ‘ಮಾರಲೂಕೂಡದು’ ಎಂಬ ಮಾತನ್ನು ಗಮನಿಸಬೇಕು. ಕೊಳ್ಳುವವರು ಇರುವ ತನಕ ಕೊಲ್ಲುವವರು ಇರುತ್ತಾರೆಂಬ ವ್ಯವಹಾರಜ್ಞಾನ ಅದರಲ್ಲಿದೆ. ಚಾತುರ್ಮಾಸದ ಹುಣ್ಣಿಮೆಗಳಲ್ಲಿ ಆಷಾಢದ್ದೂ ಒಂದು. ಅದು ಮಳೆಗಾಲದ ಹೊಸನೀರಿನಲ್ಲಿ ಮೀನು ಮೊಟ್ಟೆಯಿಡುವ ಕಾಲವೂ ಹೌದು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1950ರಲ್ಲಿ ಈ ಶಾಸನವನ್ನು ಮೀನುಗಾರಿಕೆಯ ಕಾನೂನೆಂದೇ ಓದಿ ಒಂದು ಲೇಖನ ಬರೆದರು. ಧರ್ಮಗ್ರಂಥವೆಂದು ಓದುತ್ತಿದ್ದುದನ್ನು ಪ್ರಾಣಿಶಾಸ್ತ್ರಜ್ಞರೊಬ್ಬರು ಹೀಗೆ ಓದಿದುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಒಂದು ಪಾಠ.

ಅದೇ ಹೋರಾ ಅವರು ಮರುವರ್ಷ ಇನ್ನೊಂದು ಗ್ರಂಥದತ್ತ ತಿರುಗಿದರು. ಅದು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ಇಂದಿನ ಬಸವಕಲ್ಯಾಣದಿಂದ ಆಳುತ್ತಿದ್ದ ಈ ದೊರೆ ಅರಸರ ವಿನೋದಗಳನ್ನು ವರ್ಣಿಸುತ್ತ ‘ಮತ್ಸ್ಯವಿನೋದ’ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮೂವತ್ತೈದರಷ್ಟು ಮೀನುಗಳ ಹೆಸರು ಅಲ್ಲಿ ಬರುತ್ತದೆ: ರೋಹಿತ, ಪಾಠೀನ, ಸಿಂಹತುಂಡ, ಮಹಾಶೀಲ ಇತ್ಯಾದಿ. ಯಾವುದು ಕಡಲಿನದು, ಯಾವುದು ಹೊಳೆಯದು. ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕಿಲ್ಲ. ಯಾವ ಮೀನಿಗೆ ಯಾವ ಮೇವು ಎಂಬುದನ್ನೆಲ್ಲ ಅವನು ವಿಂಗಡಿಸಿದ್ದಾನೆ. ಅವನ ಉದ್ದೇಶ ಮೀನನ್ನು ಉಳಿಸುವುದಲ್ಲ, ಗಾಳದಿಂದ ಹಿಡಿಯುವುದು. ಆದರೂ ಹಿಡಿಯುವುದಕ್ಕಾಗಿಯಾದರೂ ಅವನು ಮೀನನ್ನು ಬಲ್ಲ. ನಮ್ಮ ಸೀಮೆಯನ್ನೂ ಆಳಿದ ಒಬ್ಬ ದೊರೆಗೆ ಮೂವತ್ತೈದು ಮೀನುಗಳ ಹೆಸರು ಗೊತ್ತಿತ್ತು, ಎಂ.ಎ. ಪದವೀಧರನಾದ ನನಗೆ ಎಷ್ಟು ಗೊತ್ತಿತ್ತು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮದು ಗಣಿಯ ಕ್ಯಾಂಪಿನಲ್ಲಿದ್ದ ಸಣ್ಣ ನೌಕರನ ಮನೆ. ಮೀನು ಮಾಂಸ ಒಲೆ ಹತ್ತಿದ ಮನೆಯಲ್ಲ. ಬೇಸಿಗೆ ರಜೆಗೆ ಲಿಂಗಸುಗೂರು ತಾಲ್ಲೂಕಿನ ಹೊಳೆಸಾಲಿನ ನೆಂಟರ ಊರಿಗೆ ಹೋಗುತ್ತಿದ್ದೆವು. ಜಲದುರ್ಗದ ಕಡೆ ಕೃಷ್ಣೆ ಬಂಡೆಗಳ ನಡುವೆ ಸೀಳಿ, ಧುಮುಕಿ, ಮಡುಗಟ್ಟಿ ಹರಿಯುವುದನ್ನು ಕಂಡವರಿಗೆ ಆ ನೋಟ ಮರೆಯದು. ಅಲ್ಲಿ ಹರಿಗೋಲು ಹಾಕುತ್ತಿದ್ದ ಒಬ್ಬ ಮುದುಕ ಅಂಬಿಗರಿದ್ದರು. ಬುಟ್ಟಿಯಲ್ಲಿದ್ದ ಒಂದೊಂದು ಮೀನನ್ನೂ ಅವರು ಹೆಸರು ಹೇಳಿ ತೋರಿಸುತ್ತಿದ್ದರು. ಇದು ಮಡುವಿನದು, ಇದು ಓಡುನೀರಿನದು, ಇದು ಮೊದಲ ಮಳೆಗೆ ಮೇಲಕ್ಕೆ ಹತ್ತುತ್ತದೆ, ಇದು ಬಂಡೆಯ ಪಾಚಿಯನ್ನು ಮಾತ್ರ ಕೆರೆಯುತ್ತದೆ ಎಂದು ವಿವರಿಸುತ್ತಿದ್ದರು. ನಾನು ಮುಂದೆ ಎಂ.ಎ. ಓದುವಾಗ ನಮ್ಮ ಸೀಮೆಯ ಆಡುಮಾತಿನ ಪದಗಳನ್ನು ಸಂಗ್ರಹಿಸುವ ಕೆಲಸ ಬಂತು. ನೇಗಿಲಿನ ಭಾಗಗಳ ಹೆಸರು ಬರೆದೆ, ಮಗ್ಗದ ಪದಗಳನ್ನು ಬರೆದೆ, ಜೋಳದ ಬಗೆಗಳನ್ನು ಬರೆದೆ. ಮೀನಿನ ಹೆಸರುಗಳನ್ನು ಬರೆಯಲಿಲ್ಲ. ನಮ್ಮ ಅಡಿಗೆಮನೆಗೆ ಬಾರದ ವಸ್ತುವಿನ ಹೆಸರು ನನ್ನ ಟಿಪ್ಪಣಿ ಪುಸ್ತಕಕ್ಕೂ ಬರಲಿಲ್ಲ. ಅಂಬಿಗರ ಚೌಡಯ್ಯನ ವಚನಗಳನ್ನು ಪಾಠ ಹೇಳಿದವನಿಗೆ ಅಂಬಿಗರ ಮಾತು ಪದಸಂಪತ್ತೆಂದು ತೋರಲಿಲ್ಲವೆಂಬುದು ನಾಚಿಕೆಯ ವಿಷಯ.

ನಿವೃತ್ತನಾದ ಮೇಲೆ ಆ ಊರಿಗೆ ಮತ್ತೆ ಹೋಗಿದ್ದೆ. ಮುದುಕರು ಹೋಗಿ ಬಹಳ ಕಾಲವಾಗಿತ್ತು. ಅವರ ಮೊಮ್ಮಗನ ಬುಟ್ಟಿಯಲ್ಲಿ ಮೀನಿತ್ತು. ಹೆಸರು ಕೇಳಿದೆ. ಕಟ್ಲಾ, ರೋಹು, ಜಿಲೇಬಿ ಎಂದ. ಹಿಂದಿನ ಮೀನುಗಳ ಹೆಸರು ಗೊತ್ತೇ ಎಂದರೆ, ‘ಅಜ್ಜ ಏನೇನೋ ಅಂತಿದ್ದರಿ, ಈಗ ಅವು ಬಲೆಗೆ ಬೀಳಂಗಿಲ್ಲ’ ಎಂದ. ಬಲೆಗೆ ಬೀಳದ ಮೀನಿನ ಹೆಸರು ಬಾಯಿಗೂ ಬರುವುದಿಲ್ಲ. ಆ ದಿನದಿಂದ ನಾನು ಈ ವಿಷಯವನ್ನು ಓದತೊಡಗಿದೆ.

ಆ ಮೂರು ಹೆಸರುಗಳಲ್ಲಿಯೇ ಒಂದು ಇತಿಹಾಸವಿದೆ. ಕಟ್ಲಾ ಮತ್ತು ರೋಹು ಗಂಗಾ ಬಯಲಿನ ಮೀನುಗಳು. ಬೇಗ ಬೆಳೆಯುತ್ತವೆ, ರುಚಿಯೂ ಉಂಟು ಎಂಬ ಕಾರಣಕ್ಕೆ ದಕ್ಷಿಣದ ಕೆರೆ-ಜಲಾಶಯಗಳಿಗೆ ಅವುಗಳ ಮರಿಗಳನ್ನು ತಂದು ಬಿಟ್ಟರು. ಜಿಲೇಬಿ ಎಂದು ಜನ ಕರೆಯುವ ತಿಲಾಪಿಯಾ ಆಫ್ರಿಕಾದ ಮೂಲದ್ದು. 1952ರಲ್ಲಿ ಸಿಂಹಳದ ಮಾರ್ಗವಾಗಿ ನಮ್ಮ ದೇಶಕ್ಕೆ ಬಂದಿತು. 1959ರಲ್ಲಿ ಹಾಂಗ್‌ಕಾಂಗಿನಿಂದ ಹುಲ್ಲುಗೆಂಡೆ ಬಂದಿತು. ನೀರಿನ ಸಸ್ಯಗಳನ್ನು ತಿಂದು ಬೆಳೆಯುವ ಮೀನು ನಮಗೆ ಬೇಕಾಗಿತ್ತೆಂಬುದು ಅದಕ್ಕೆ ಕೊಟ್ಟ ಕಾರಣ. ವಿಚಿತ್ರವೆಂದರೆ ಅಂಥ ಮೀನು ನಮ್ಮ ಹೊಳೆಗಳಲ್ಲಿಯೇ ಇತ್ತು. ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞ 1870ರಲ್ಲಿ ದಕ್ಷಿಣ ಕನ್ನಡದ ಮಾದರಿಯಿಂದ ಅದನ್ನು ವರ್ಣಿಸಿ ‘ಪುಲ್ಚೆಲಸ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಚೆಲುವಿನ ಪುಟ್ಟದು’ ಎಂದರ್ಥ. ಹೆಸರು ಪುಟ್ಟದಾದರೂ ಕೆಲವು ಕಿಲೋ ತೂಗುವ ತನಕ ಬೆಳೆಯುತ್ತದೆ; ಜಲಸಸ್ಯಗಳೇ ಅದರ ಆಹಾರ. ತುಂಗಭದ್ರಾ ಜಲಾಶಯ ತುಂಬಿದ ಆರಂಭದ ವರ್ಷಗಳಲ್ಲಿ ಅಲ್ಲಿಯ ಬಲೆಗಳಲ್ಲಿ ಇದು ಗಣನೀಯವಾಗಿ ಸಿಗುತ್ತಿತ್ತು. ಬರಬರುತ್ತ ಕ್ಷೀಣಿಸಿ, ಅಳಿವಿನಂಚಿನ ಮೀನುಗಳ ಪಟ್ಟಿಗೆ ಸೇರಿತು. ಮನೆಯಲ್ಲಿದ್ದುದನ್ನು ಕಳೆದುಕೊಂಡು, ಅದೇ ಕೆಲಸಕ್ಕೆ ದೂರದಿಂದ ಒಬ್ಬನನ್ನು ಕರೆತಂದಂತೆ ಆಯಿತು ಇದು.

ಮೀನು ಏಕೆ ಕಡಿಮೆಯಾಯಿತು? ಹೆಚ್ಚು ಹಿಡಿದುದರಿಂದ ಎಂಬುದು ತಟ್ಟನೆ ಹೊಳೆಯುವ ಉತ್ತರ. ಅದು ಅರ್ಧ ಸತ್ಯ ಮಾತ್ರ. ಮೀನಿನ ಬಾಳನ್ನು ಸ್ವಲ್ಪ ತಿಳಿದರೆ ಉಳಿದರ್ಧ ಗೊತ್ತಾಗುತ್ತದೆ.

ದಖನ್ನಿನ ಹೊಳೆಗಳು ಹಿಮದ ನೀರಿನವಲ್ಲ, ಮಳೆಯ ನೀರಿನವು. ಬೇಸಿಗೆಯಲ್ಲಿ ಹರಿವು ಎಳೆಯಾಗಿ, ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ದೊಡ್ಡ ಮೀನುಗಳು ಆ ಮಡುಗಳಲ್ಲಿ ಬೇಸಿಗೆಯನ್ನು ಕಳೆಯುತ್ತವೆ. ಮೃಗಶಿರಾ ಮಳೆ ಬಿದ್ದು ಕೆಂಪು ಹೊಸನೀರು ಬಂದೊಡನೆ ಅವಕ್ಕೆ ಎಚ್ಚರ. ನೀರಿನ ತಂಪು, ರಭಸ, ವಾಸನೆ ಇವೇ ಅವುಗಳ ಪಂಚಾಂಗ. ಹರಿವಿಗೆ ಎದುರಾಗಿ ಮೇಲಕ್ಕೆ ಹೊರಟು, ನುಣ್ಣನೆಯ ಬೆಣಚುಕಲ್ಲುಗಳ ನಡುವೆ, ಉಸಿರಾಟಕ್ಕೆ ಒದಗುವಷ್ಟು ಗಾಳಿ ಬೆರೆತ ಓಡುನೀರಿನಲ್ಲಿ ಮೊಟ್ಟೆಯಿಡುತ್ತವೆ. ಮಲೆನಾಡಿನವರು ಹೀಗೆ ಏರಿ ಬರುವುದನ್ನು ‘ಹತ್ತುಮೀನು’ ಎನ್ನುತ್ತಾರೆ. ಎಷ್ಟು ಸಾರ್ಥಕವಾದ ಪದ! ಕೆಲವು ಗೆಂಡೆಮೀನುಗಳು ಲಕ್ಷಗಟ್ಟಲೆ ಮೊಟ್ಟೆಯಿಟ್ಟರೆ, ಮಹಸೀರ್ ಜಾತಿಯ ಮೀನಿನ ಲೆಕ್ಕ ಸಾವಿರಗಳದು. ಆ ಮೊಟ್ಟೆಗಳು ತಳದ ಕಲ್ಲುಗಳ ಸಂದಿಯಲ್ಲಿ ಕುಳಿತು ಮರಿಯಾಗಬೇಕು. ಮೇಲೆ ಕೆಸರು ಕೂತರೆ ಉಸಿರುಗಟ್ಟುತ್ತವೆ.

ಈಗ ನಮ್ಮ ಎಡೆದೊರೆ ನಾಡನ್ನು ನೋಡಿ. ದಕ್ಷಿಣಕ್ಕೆ ತುಂಗಭದ್ರೆ, ಉತ್ತರಕ್ಕೆ ಕೃಷ್ಣೆ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ನೀರು ಕೊಟ್ಟಿತು. ಕೃಷ್ಣೆಗೆ ನಾರಾಯಣಪುರದ ಬಸವಸಾಗರ 1982ರಲ್ಲಿ ಬಂದಿತು. ಸಿಂಧನೂರಿನ ಬಯಲು ಎಡದಂಡೆ ಕಾಲುವೆಯಿಂದ ಬತ್ತದ ಕಣಜವಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬರಗಾಲದಲ್ಲಿ ಗುಳೆ ಹೋಗುತ್ತಿದ್ದ ಸಂಸಾರಗಳು ನಿಂತುದು ಆ ನೀರಿನಿಂದ. ಅಣೆಕಟ್ಟು ಬೇಡವಾಗಿತ್ತೆಂದು ಹೇಳುವ ಕೃತಘ್ನತೆ ನನ್ನಲ್ಲಿಲ್ಲ. ಆದರೆ ಲೆಕ್ಕ ಬರೆಯುವಾಗ ಖರ್ಚಿನ ಕಡೆಯನ್ನೂ ಬರೆಯಬೇಕು. ಹೊಸನೀರಿಗೆ ಹತ್ತಿ ಬರುವ ಮೀನಿಗೆ ಅಣೆಕಟ್ಟು ಒಂದು ಗೋಡೆ. ಗೋಡೆಯ ಕೆಳಗೆ ನೀರು ಮಳೆಯ ಆಜ್ಞೆಯಂತೆ ಬರದೆ ಬಾಗಿಲಿನ ಆಜ್ಞೆಯಂತೆ ಬರುತ್ತದೆ. ಗೋಡೆಯ ಮೇಲೆ ಹೊಳೆ ಕೆರೆಯಾಗಿ, ಬೆಣಚುಕಲ್ಲಿನ ತಳದ ಮೇಲೆ ಹೂಳು ತುಂಬುತ್ತದೆ. ತುಂಗಭದ್ರಾ ಜಲಾಶಯ ಮೊದಲಿಗೆ ಸುಮಾರು 132 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದುದು ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿರುವುದು ರೈತರಿಗೆಲ್ಲ ಗೊತ್ತು. ಆ ಹೂಳಿನ ಕೆಳಗೆ ಮೀನಿನ ಹೆರಿಗೆಮನೆಯೂ ಹೂತುಹೋಗಿದೆ.

ಇದರ ಮೇಲೆ ಇನ್ನೂ ಮೂರು ಪೆಟ್ಟುಗಳು. ಒಂದು, ಮರಳು ತೆಗೆಯುವುದು. ಮರಳೂ ಬೆಣಚುಕಲ್ಲೂ ಹೋದಮೇಲೆ ಮೊಟ್ಟೆಯಿಡಲು ತಾಣವೇ ಇಲ್ಲ. ಎರಡು, ಸಿಡಿಮದ್ದು. ಬೇಸಿಗೆಯ ಮಡುವಿನಲ್ಲಿ ಮದ್ದು ಹಾಕಿದರೆ ಬುಟ್ಟಿಗೆ ಬರುವುದು ಕೆಲವು ಮೀನು. ಸಾಯುವುದು ಮಡುವಿನ ಸಮಸ್ತ ಸಂತಾನ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಲ್ಲಿಯೇ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಲಾಗಿತ್ತೆಂದರೆ ಈ ರೋಗ ಎಷ್ಟು ಹಳೆಯದೆಂದು ತಿಳಿಯುತ್ತದೆ. ಮೂರು, ಗದ್ದೆಯಿಂದ, ಪಟ್ಟಣದಿಂದ, ಕಾರ್ಖಾನೆಯಿಂದ ಹಳ್ಳಕ್ಕಿಳಿಯುವ ವಿಷ. ಇದರಲ್ಲಿ ಗಣಿ, ಗದ್ದೆ, ಊರು ಎಲ್ಲಕ್ಕೂ ಪಾಲಿದೆ. ಒಬ್ಬರ ಕಡೆ ಬೆರಳು ತೋರಿಸಿ ಉಳಿದವರು ಪಾರಾಗುವಂತಿಲ್ಲ.

ಹಾಗಾದರೆ ಉಳಿಸುವುದು ಹೇಗೆ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಮೂರು ಬಗೆಯ ಉತ್ತರಗಳು ದೊರೆತಿವೆ. ಒಂದೊಂದೂ ಸ್ವಲ್ಪ ದೂರ ಕೊಂಡೊಯ್ದು ನಿಲ್ಲುತ್ತದೆ.

ಮೊದಲನೆಯದು, ಕೊಲ್ಲದಿರುವ ವ್ರತ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಬಳಿ ಮೀನುಗಳು ಮಕ್ಕಳ ಕೈಯ ಕಡಲೆಪುರಿಗಾಗಿ ಮುತ್ತುವುದನ್ನು ತಾವು ನೋಡಿರಬಹುದು. ಅಲ್ಲಿಂದ ಹರಿದ ನೀರೇ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಜಲಾಶಯ ಸೇರಿ, ಕಾಲುವೆಯಾಗಿ ಸಿಂಧನೂರಿಗೆ ಬರುವುದು. ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆಯಲ್ಲಿ ತುಂಗೆಯದೇ ಒಂದು ಮತ್ಸ್ಯಧಾಮವಿದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ಶಿಶಿಲೇಶ್ವರನ ಮೀನುಗಳೆಂದು ಜನ ಕಾಯುತ್ತಾರೆ. ದೇವರ ಹೆಸರಿನಲ್ಲಿ ನಡೆದ ಈ ರಕ್ಷಣೆ ಸರ್ಕಾರದ ಆಜ್ಞೆಗಿಂತ ಹೆಚ್ಚು ಬಾಳಿದೆ. ಆದರೆ ಅದರ ಎಲ್ಲೆಯನ್ನೂ ಶಿಶಿಲವೇ ತೋರಿಸಿತು. 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದ್ದರಿಂದ ಸಾವಿರಾರು ಮೀನುಗಳು ಸತ್ತು ತೇಲಿದವು. ಊರಿನವರು ಸತ್ತ ಮೀನುಗಳಿಗಾಗಿ ಅಲ್ಲಿ ಒಂದು ಸ್ಮಾರಕವನ್ನು ಕಟ್ಟಿದರು. ವೀರಗಲ್ಲು, ಮಾಸ್ತಿಗಲ್ಲುಗಳ ನಾಡಿನಲ್ಲಿ ಮೀನಿಗೂ ಒಂದು ಕಲ್ಲು ನಿಂತಿತು. ಮೆಟ್ಟಿಲ ಬಳಿಯ ನೂರು ಗಜ ನೀರನ್ನು ಕಾಯುವ ಭಕ್ತಿ, ಮೇಲಿನಿಂದ ಹರಿದುಬರುವ ನೀರನ್ನು ಕಾಯಲಾರದು.

ಎರಡನೆಯದು, ಸಾಕಿ ಬೆಳೆಸುವ ವಿದ್ಯೆ. ನಾನು ಹೇಳಿದ ಪುಲ್ಚೆಲಸ್ ಮೀನನ್ನು ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕೊಳದಲ್ಲಿ ಬೆಳೆಸಿ, ಚುಚ್ಚುಮದ್ದಿನಿಂದ ಮೊಟ್ಟೆಯಿಡಿಸಿ, ಮರಿ ಮಾಡುವುದರಲ್ಲಿ ಯಶಸ್ವಿಯಾದರು. ಅದರ ವಿವರ 2014ರ ಸುಮಾರಿಗೆ ಪ್ರಕಟವಾಯಿತು. ಇದು ಸಾಮಾನ್ಯ ಸಾಧನೆಯಲ್ಲ. ಹೊಳೆಯಲ್ಲಿ ಅಳಿಯುತ್ತಿರುವ ಒಂದು ಜೀವಿಯ ಬೀಜ ನಮ್ಮ ಕೈಯಲ್ಲಿ ಉಳಿಯಿತು. ಆದರೆ ಬೀಜವಿದ್ದರೆ ಸಾಲದು, ಎಲ್ಲಿ ಬಿತ್ತಬೇಕೆಂಬುದೂ ತಿಳಿದಿರಬೇಕು. ಇದಕ್ಕೆ ಮಹಸೀರಿನ ಕಥೆಯೇ ನಿದರ್ಶನ.

ನಮ್ಮ ಕೃಷ್ಣಾ ನದೀಬಯಲಿಗೆ ಸೇರಿದ ಮಹಸೀರನ್ನು ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ಪುಣೆಯ ಕಡೆಯ ಮುಳಾ-ಮುಠಾ ಹೊಳೆಯಲ್ಲಿ ಕಂಡು 1839ರಲ್ಲಿ ‘ಖುದ್ರೀ’ ಎಂದು ಹೆಸರಿಸಿದ. ಈ ಸೈಕ್ಸನ ಒಂದು ಗುಣವನ್ನು ಭಾಷೆಯ ವಿದ್ಯಾರ್ಥಿಯಾಗಿ ನಾನು ಮೆಚ್ಚುತ್ತೇನೆ. ದಖನ್ನಿನ ಮೀನುಗಳಿಗೆ ಶಾಸ್ತ್ರೀಯ ಹೆಸರು ಕೊಡುವಾಗ ಅವನು ಅಲ್ಲಿಯ ಬೆಸ್ತರ ಬಾಯಿಯ ಪದಗಳನ್ನೇ ಎತ್ತಿಕೊಂಡ: ಖುದ್ರೀ, ಕೋಲುಸ್, ಪೊಟೈಲ್, ನುಕ್ತಾ. ಇವುಗಳಲ್ಲಿ ನುಕ್ತಾ ಮೂತಿಯ ಮೇಲೆ ಕೊಂಬಿನಂಥ ಮುಂಚಾಚು ಇರುವ, ಕೃಷ್ಣಾ ಬಯಲಿಗೇ ವಿಶಿಷ್ಟವಾದ, ಈಗ ಅಪಾಯದಲ್ಲಿರುವ ಮೀನು. ಹೆಸರು ಹೇಳಿದ ಬೆಸ್ತರು ಯಾರೋ, ಅವರ ಪದ ಮಾತ್ರ ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಉಳಿದಿದೆ. ನನ್ನ ಅಂಬಿಗರ ಪದಗಳಿಗೆ ಅಂಥ ಭಾಗ್ಯ ಒದಗಲಿಲ್ಲ.

ಖುದ್ರೀ ಮಹಸೀರನ್ನು ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು 1970ರ ದಶಕದಿಂದ ಸಾಕಿ, ಮರಿ ಮಾಡಿ, ದೇಶದ ಅನೇಕ ನದಿಗಳಿಗೆ ಕೊಟ್ಟರು. ಉದ್ದೇಶ ಒಳ್ಳೆಯದು. ಆ ಮರಿಗಳು ಕಾವೇರಿಗೂ ಬಂದವು. ಆದರೆ ಕಾವೇರಿಗೆ ತನ್ನದೇ ಆದ ಒಂದು ಮಹಸೀರ್ ಇತ್ತು. ಬೆನ್ನು ಡುಬ್ಬವಾದ, ಕಿತ್ತಳೆ ಬಣ್ಣದ ರೆಕ್ಕೆಗಳ ಮೀನು, ಭಾರಿ ಗಾತ್ರದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮೀನು 120 ಪೌಂಡು ತೂಗಿತೆಂಬುದು ಹೆಸರಾದ ದಾಖಲೆ. ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರೀಯವಾಗಿ ಸರಿಯಾದ ಹೆಸರೇ ನಿಶ್ಚಯವಾಗಿರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಿದ್ದ ‘ರೆಮಾದೇವಿ’ ಎಂಬ ಮಹಸೀರೂ ಕಾವೇರಿಯ ಡುಬ್ಬಮೀನೂ ಒಂದೇ ಎಂದು 2018ರಲ್ಲಿ ಸಂಶೋಧಕರು ತೋರಿಸಿದರು. ಅದೇ ವರ್ಷ ಅದು ತೀವ್ರ ಅಪಾಯದ ಪಟ್ಟಿಗೆ ಸೇರಿತು. ಹೆಸರು ಸಿಕ್ಕ ವರ್ಷವೇ ಅಳಿವಿನ ಸುದ್ದಿ! ಕಾರಣಗಳಲ್ಲಿ ಒಂದು, ಕಾವೇರಿಗೆ ಬಿಟ್ಟ ನೀಲಿರೆಕ್ಕೆಯ ಖುದ್ರೀ. ಒಂದು ಮಹಸೀರನ್ನು ಉಳಿಸಲು ಮಾಡಿದ ಕೆಲಸ ಇನ್ನೊಂದು ಮಹಸೀರಿನ ನೆಲೆಗೆ ಕುತ್ತಾಯಿತು.

ಇಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಹಾಗೆ ಮರಿ ಬಿಟ್ಟವರು ಮಹಸೀರೆಲ್ಲ ಒಂದೇ ಎಂದು ತಿಳಿದಿದ್ದರು. ತಪ್ಪಾದುದು ದುರುದ್ದೇಶದಿಂದಲ್ಲ, ಹೆಸರಿನ ಅಜ್ಞಾನದಿಂದ. ಖುದ್ರೀ ಕೃಷ್ಣೆಯಲ್ಲಿ ಮನೆಯ ಮಗ, ಕಾವೇರಿಯಲ್ಲಿ ಹೊರಗಿನವನು. ಗಂಗೆಯ ರೋಹು ಗಂಗೆಯಲ್ಲಿ ದೇಶೀಯ, ತುಂಗಭದ್ರೆಯಲ್ಲಿ ಅತಿಥಿ. ‘ದೇಶೀಯ’ ಎಂಬ ಪದವನ್ನು ನಾವು ದೇಶದ ಗಡಿಯಿಂದ ಅಳೆಯುತ್ತೇವೆ. ಮೀನಿನ ದೇಶವೆಂದರೆ ಅದರ ನದಿ. ಪಕ್ಕದ ನದಿಯೂ ಅದಕ್ಕೆ ಪರದೇಶ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ನನ್ನ ಭಾಷಣ ಸಾರ್ಥಕವೆಂದು ತಿಳಿಯುತ್ತೇನೆ. ಏಕೆಂದರೆ ಇಂದಿಗೂ ಪುಣ್ಯಕ್ಕೆಂದು, ಚೆಂದಕ್ಕೆಂದು, ಸಾಕಲಾರದೆ ಬೇಸತ್ತೆಂದು ಜನ ಗಾಜಿನ ತೊಟ್ಟಿಯ ಮೀನುಗಳನ್ನು ಕೆರೆ-ಹೊಳೆಗಳಿಗೆ ಬಿಡುತ್ತಾರೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದ್ದರೂ ಕದ್ದು ಸಾಕುವುದು ನಿಂತಿಲ್ಲ. ಬಿಟ್ಟದ್ದನ್ನು ಹಿಂದಕ್ಕೆ ಕರೆಯುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ.

ಮೂರನೆಯ ಉತ್ತರ, ಮೀನಿನ ಮನೆಯನ್ನೇ ಉಳಿಸುವುದು. ಇದಕ್ಕೂ ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿ ಹೀಗೆ ಮೀಸಲಿಟ್ಟ ನದೀಭಾಗ ನಮ್ಮ ದೇಶದಲ್ಲಿ ಅದೇ ಮೊದಲು. ನೀರುನಾಯಿ ಮೀನನ್ನು ತಿಂದು ಬದುಕುವ ಪ್ರಾಣಿ. ಅದನ್ನು ಉಳಿಸಬೇಕಾದರೆ ಮೀನು ಬೇಕು. ಮೀನಿಗೆ ಬಂಡೆ, ಮಡು, ಓಡುನೀರು ಬೇಕು. ಇವೆಲ್ಲ ಇರಬೇಕಾದರೆ ಸಿಡಿಮದ್ದೂ ಮರಳ ಲಾರಿಯೂ ದೂರವಿರಬೇಕು. ಘೋಷಣೆಯಾದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲವೆಂಬುದು ನಿಜ. ಆದರೂ ಒಂದು ಪ್ರಾಣಿಯ ನೆಪದಲ್ಲಿ ನದಿಯ ಒಂದು ತುಂಡನ್ನೇ ಕಾಯುವ ಈ ವಿಚಾರ ಸರಿಯಾದ ದಾರಿಯದು.

ಹೊರಗಿನ ಒಂದು ಉದಾಹರಣೆಯನ್ನೂ ಹೇಳಬಹುದು. ಕೊರಿಯಾ ದೇಶದ ಹಾನ್ ಮೊದಲಾದ ನದಿಗಳಲ್ಲಿ ಓರುಮ್ಚಿ ಎಂಬ ಮೀನಿದೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅದು ಮೊಟ್ಟೆಯಿಟ್ಟ ಮೇಲೆ ಬಾಯಿಂದ ಒಂದೊಂದೇ ಬೆಣಚುಕಲ್ಲನ್ನು ತಂದು ಅದರ ಮೇಲೆ ಗೋಪುರದಂತೆ ರಾಶಿ ಹಾಕುತ್ತದೆ. ದಕ್ಷಿಣ ಕೊರಿಯಾದ ಸರ್ಕಾರ 1978ರಲ್ಲಿ ಆ ಮೀನನ್ನು ‘ನೈಸರ್ಗಿಕ ಸ್ಮಾರಕ’ವೆಂದು ಘೋಷಿಸಿತು. ನಾವು ದೇಗುಲಕ್ಕೆ, ಕೋಟೆಗೆ, ಶಾಸನಕ್ಕೆ ಕೊಡುವ ಗೌರವವನ್ನು ಅವರು ಒಂದು ಮೀನಿಗೆ ಕೊಟ್ಟರು. ನಮ್ಮಲ್ಲಿಯೂ ಮೀನಿಗೆ ಬಿರುದಿದೆ. 2006ರಲ್ಲಿ ರಾಜ್ಯಗಳು ತಮ್ಮ ತಮ್ಮ ರಾಜ್ಯಮೀನನ್ನು ಆರಿಸಿಕೊಂಡಾಗ ಕರ್ನಾಟಕ ‘ಕರ್ನಾಟಿಕ್ ಗೆಂಡೆ’ಯನ್ನು ಆರಿಸಿಕೊಂಡಿತು, ಗಿಡ್ಡಪಕ್ಕೆ ಎಂಬುದು ಅದಕ್ಕೆ ಜನ ಕರೆಯುವ ಹೆಸರು. ರಾಜ್ಯದ ಪಕ್ಷಿ, ಪ್ರಾಣಿ, ಹೂವು ಯಾವುದೆಂದು ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ. ರಾಜ್ಯದ ಮೀನನ್ನು ಎಷ್ಟು ಮಂದಿ ಹೇಳಿಯಾರು? ಅದನ್ನು ಕಲಿಸಬೇಕಾಗಿದ್ದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪ್ರಶ್ನೆಯನ್ನು ನನಗೇ ಹಾಕಿಕೊಳ್ಳುತ್ತೇನೆ.

ಮಾಡಬೇಕಾದುದು ಏನು? ತಜ್ಞರ ಕೆಲಸವನ್ನು ತಜ್ಞರು ಮಾಡಲಿ: ಮೊದಲ ಮಳೆಯ ಕಾಲದಲ್ಲಿ ಅಣೆಕಟ್ಟಿನ ಕೆಳಗೆ ಸ್ವಲ್ಪ ಹರಿವನ್ನು ಬಿಡುವುದು, ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಲೆಗೆ ವಿರಾಮ ಕೊಡುವುದು, ಆಳವಾದ ಮಡುಗಳನ್ನು ಗುರುತಿಸಿ ಕಾಯುವುದು, ಆಯಾ ನದಿಯ ಮೀನಿನ ಮರಿಯನ್ನು ಆಯಾ ನದಿಗೇ ಬಿಡುವುದು. ಬಲೆಯಿಂದಲೇ ಬದುಕುವ ಸಂಸಾರಗಳಿಗೆ ಆ ವಿರಾಮದ ತಿಂಗಳುಗಳಲ್ಲಿ ಅನ್ನದ ದಾರಿಯನ್ನೂ ತೋರಿಸಬೇಕು. ಇಲ್ಲದಿದ್ದರೆ ನಮ್ಮ ಧರ್ಮ ಅವರ ಹೊಟ್ಟೆಯ ಮೇಲೆ ನಡೆದಂತಾಗುತ್ತದೆ.

ನಮ್ಮ ಕೆಲಸವೂ ಒಂದಿದೆ. ಬಾಳೆ, ಕೊರವ, ಹೂಮೀನು, ಮುರುಗೋಡು, ಚೇಳುಮೀನು, ಗಿರ್ಲು, ಹಾವುಮೀನು: ಕನ್ನಡನಾಡಿನ ಬೇರೆ ಬೇರೆ ಕಡೆ ಕೇಳುವ ಈ ಹೆಸರುಗಳಲ್ಲಿ ಮೀನಿನ ರೂಪವಿದೆ, ನಡೆಯಿದೆ, ನೋಡಿದವರ ಕಣ್ಣಿದೆ. ಕೃಷ್ಣೆಯ ದಂಡೆಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಎಪ್ಪತ್ತು ದಾಟಿದ ಅಂಬಿಗರು, ಬೆಸ್ತರು ಇನ್ನೂ ಕೆಲವರಿದ್ದಾರೆ. ಲಿಂಗಸುಗೂರು, ಸಿಂಧನೂರು, ಮಸ್ಕಿಯ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಹೋಗಿ ಅವರ ಬಳಿ ಕುಳಿತು, ಯಾವ ಮೀನು, ಯಾವ ಹೆಸರು, ಯಾವ ಮಡು, ಕಡೆಯ ಸಲ ಕಂಡದ್ದು ಯಾವ ವರ್ಷ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡರೆ, ಅದು ಪದಕೋಶಕ್ಕೂ ಆಗುತ್ತದೆ, ಪ್ರಾಣಿಶಾಸ್ತ್ರಕ್ಕೂ ಆಗುತ್ತದೆ. ಕಾವೇರಿಯ ಮಹಸೀರಿನ ಕಥೆಯಲ್ಲಿ ನಾವು ಕಂಡದ್ದು ಇದೇ: ಹೆಸರು ಸರಿಯಾಗಿ ತಿಳಿಯದ ಜೀವಿಯನ್ನು ಕಾಯುವುದು ಕಷ್ಟ.

ಕಳೆದ ಮಳೆಗಾಲದಿಂದ ನಾನು ಒಂದು ಹೊಸ ಟಿಪ್ಪಣಿ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ. ಇದುವರೆಗೆ ಅದರಲ್ಲಿ ಹದಿನೇಳು ಹೆಸರುಗಳಾಗಿವೆ. ಅವುಗಳಲ್ಲಿ ಆರರ ಎದುರಿಗೆ, ಹೇಳಿದವರ ಮಾತಿನಂತೆ, ‘ಈಗ ಕಾಣುವುದಿಲ್ಲ’ ಎಂದು ಬರೆದಿದ್ದೇನೆ. ನನ್ನ ಅಂಬಿಗರು ಬಾಲ್ಯದಲ್ಲಿ ತೋರಿಸಿದ, ಬಂಡೆಯ ಪಾಚಿ ಕೆರೆಯುವ ಮೀನಿನ ಹೆಸರು ಮಾತ್ರ ಇನ್ನೂ ಯಾರ ಬಾಯಿಂದಲೂ ಬಂದಿಲ್ಲ. ಈ ಮಾತನ್ನು ಓದುವವರಲ್ಲಿ ಹೊಳೆಸಾಲಿನ ಹಿರಿಯರು ಯಾರಾದರೂ ಇದ್ದು, ಅವರಿಗೆ ಅದು ನೆನಪಿದ್ದರೆ, ತಮ್ಮ ಮನೆಯ ಮಕ್ಕಳಿಗಾದರೂ ಅದನ್ನು ಒಮ್ಮೆ ಹೇಳಿಡಲಿ.